ದೊರೆಯ ಸತ್ತುಮಾತ್ರೆ

ನಮ್ಮ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಮೆಂತ್ಯ ತುಂಬಿಟ್ಟ ಒಂದು ಪ್ಲಾಸ್ಟಿಕ್ ಡಬ್ಬಿ ಇದೆ. ಅದರ ಮೈಮೇಲೆ ನಾಲಿಗೆ ಚಾಚಿ ನಗುತ್ತಿರುವ ಹೊಂಬಣ್ಣದ ನಾಯಿಯೊಂದರ ಚಿತ್ರ. ಮನೆಗೆ ಬಂದ ನೆಂಟರು ಕಾಫಿಗೆ ಕಾಯುತ್ತ ಕಣ್ಣಾಡಿಸುವಾಗ ಮೊದಲು ಆ ನಾಯಿಯನ್ನು ನೋಡುತ್ತಾರೆ. ಆಮೇಲೆ ನನ್ನ ಹೆಂಡತಿ ಸೆಲ್ವಿ ಅದರೊಳಗೆ ಕೈಹಾಕಿ ಒಗ್ಗರಣೆಗೆ ಒಂದು ಚಿಟಿಕೆ ತೆಗೆಯುವುದನ್ನು ನೋಡುತ್ತಾರೆ. ಆಮೇಲೆ, 'ಊಟಕ್ಕೆ ಇನ್ನೊಂದು ದಿನ ಬರ್ತೀವಿ' ಎನ್ನುತ್ತಾರೆ. ಡಬ್ಬಿ ಬಿಸಾಡಿ ಎಂದು ಬಾಯಿಬಿಟ್ಟು ಹೇಳಿದವರೂ ಉಂಟು. ಮುಚ್ಚಳ ಗಟ್ಟಿಯಾಗಿ ಕೂರುವ ಡಬ್ಬಿಯನ್ನು ಬಿಸಾಡಿದವರು ನಮ್ಮ ವಂಶದಲ್ಲೇ ಇಲ್ಲ, ನಾನೇನು ಮಾಡಲಿ?

ಅದರಲ್ಲಿ ಮೊದಲು ಇದ್ದದ್ದು ಸತ್ತುಮಾತ್ರೆ. ನೀವು ಕರ್ನಾಟಕದ ಕಡೆಯವರಾದರೆ ಗಾಬರಿಯಾಗಬೇಡಿ. ತಮಿಳಿನಲ್ಲಿ ಸತ್ತು ಎಂದರೆ ಸತ್ವ, ಪುಷ್ಟಿ. ನಮ್ಮಂಥ ಸೇಲಂ, ಧರ್ಮಪುರಿ ಸೀಮೆಯ ಕನ್ನಡದವರು ಆಡುವ ನಾಲ್ಕು ಮಾತಿನಲ್ಲಿ ಎರಡು ತಮಿಳಿನವು. ಅವು ಎಲ್ಲಿ ನುಸುಳಿದವು ಎಂದು ನಮಗೇ ತಿಳಿಯುವುದಿಲ್ಲ. ಒಮ್ಮೆ ಕೊಳ್ಳೇಗಾಲದಿಂದ ನಮ್ಮ ಚಿಕ್ಕಮ್ಮ ಮೊಮ್ಮಗುವನ್ನು ಎತ್ತಿಕೊಂಡು ಬಂದಿದ್ದರು. ನನ್ನ ಅಕ್ಕ ಮಾದಮ್ಮ ಅಕ್ಕರೆಯಿಂದ, 'ಕೂಸ್ಗೆ ಸತ್ತುಮಾವಿನ ಗಂಜಿ ಕುಡಿಸ್ಲಾ?' ಎಂದು ಕೇಳಿದಳು. ಕಾಳು, ಧಾನ್ಯಗಳನ್ನು ಹುರಿದು ಬೀಸಿದ ಹಿಟ್ಟಿನ ಗಂಜಿ ಅದು, ಅಷ್ಟೆ. ಚಿಕ್ಕಮ್ಮ ಮಗುವನ್ನು ಎದೆಗೆ ಅವುಚಿಕೊಂಡು, 'ಬಿಡ್ತು ಅನ್ನೇ! ಎಂಥಾ ಮಾತಾಡ್ತೀಯಾ!' ಎಂದು ಚೀರಿದರು. ಅಕ್ಕ ಅರ್ಥವಾಗದೆ ನನ್ನ ಮುಖ ನೋಡಿದಳು. ಅರ್ಥವಾದ ಮೇಲೆ ಲೋಟ ಕೆಳಗಿಟ್ಟು, ಸೆರಗು ಬಾಯಿಗೆ ತುರುಕಿಕೊಂಡು ನಕ್ಕ ನಗು ಇನ್ನೂ ನನ್ನ ಕಿವಿಯಲ್ಲಿದೆ.

ಅಕ್ಕ ಹಾಗೆ ನಗುವುದನ್ನು ನೋಡಿ ಬೆಳೆದವನು ನಾನು. ನಮ್ಮ ಊರು ಕಾರಿಮಂಗಲದ ಪಕ್ಕದ ಒಂದು ಹಳ್ಳಿ. ನಾನು ಕೈಕೂಸಾಗಿದ್ದಾಗಲೇ ಅಮ್ಮ ತೀರಿಕೊಂಡಳು. ಅಕ್ಕನಿಗೆ ಆಗಿನ್ನೂ ಲಂಗ ದಾವಣಿಯ ವಯಸ್ಸು. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಸೇಲಂಗೆ ಬಂದು ಬೆಳ್ಳಿಗೆಜ್ಜೆ ಮಾಡುವ ಪಟ್ಟರೆಯಲ್ಲಿ ಕೆಲಸಕ್ಕೆ ಸೇರಿದಳು. ಪುಟ್ಟ ಪುಟ್ಟ ಗೆಜ್ಜೆಮಣಿಗಳನ್ನು ಸರಪಳಿಗೆ ಬೆಸುಗೆ ಹಾಕುವ ಕೆಲಸ. ಊದುಗೊಳವೆ ಊದಿ ಊದಿ ಅವಳ ಕೆನ್ನೆ ಎರಡೂ ಪೂರಿಯ ಹಾಗೆ ಉಬ್ಬುವುದನ್ನು ನೋಡಿ ನಾನು ಮೂಲೆಯಲ್ಲಿ ಕೂತು ಕೇಕೆ ಹಾಕುತ್ತಿದ್ದೆನಂತೆ. ಮದುವೆಯಾಗು ಎಂದವರಿಗೆಲ್ಲ, 'ಮಗು ಐತಲ್ಲ, ಇನ್ನೇನು?' ಎಂದು ನನ್ನನ್ನು ತೋರಿಸುತ್ತಿದ್ದಳಂತೆ. ನಾನು ಬೆಳೆದು, ಮೀಸೆ ಬಿಟ್ಟು, ಬಸ್ ಕಂಡಕ್ಟರನಾಗಿ, ಸೆಲ್ವಿಯನ್ನು ಕಟ್ಟಿಕೊಂಡು, ಒಬ್ಬ ಮಗಳ ಮದುವೆಯನ್ನೂ ಮಾಡಿ ಮುಗಿಸಿದರೂ ಆ ಉತ್ತರ ಬದಲಾಗಲಿಲ್ಲ.

ನಮ್ಮ ಮನೆಯ ನೆನಪೆಲ್ಲ ಅವಳ ತಲೆಯಲ್ಲೇ ಇತ್ತು. ಯಾರಿಗೆ ಯಾವ ವರ್ಷ ದಡಾರ ಎದ್ದಿತು, ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡು ಪಂಕ್ತಿಯಿಂದ ಎದ್ದುಹೋದರು, ಯಾವ ಅತ್ತೆಗೆ ಬದನೆಕಾಯಿ ಆಗದು, ಎಲ್ಲವೂ. ನನ್ನ ಮಗಳು ತಮಿಳಿನಲ್ಲೇ ಉಸಿರಾಡುವವಳು. ಅವಳೂ, ಜಾತಕ ಹಿಡಿದು ಹೆಣ್ಣು ಕೇಳಲು ಬಂದವರು ಮನೆತನದ ಬಗ್ಗೆ ಏನಾದರೂ ಕೇಳಿದರೆ, 'ಅತ್ತೆಕ್ಕಿಟ್ಟ ಕೇಳುಂಗ', ಅತ್ತೆಯನ್ನೇ ಕೇಳಿ ಎಂದು ಅಕ್ಕನ ಕಡೆ ಕೈ ತೋರಿಸುತ್ತಿದ್ದಳು. ನಾನಂತೂ ನನ್ನ ಕನ್ನಡಕ ಎಲ್ಲಿದೆ ಎಂಬುದನ್ನೂ ಅಕ್ಕನನ್ನೇ ಕೇಳುವವನು. ಅದು ಸಾಮಾನ್ಯವಾಗಿ ನನ್ನ ಹಣೆಯ ಮೇಲೆಯೇ ಇರುತ್ತಿತ್ತು.

ದೊರೆಯ ವಿಷಯಕ್ಕೆ ಬರುತ್ತೇನೆ. ದೊರೆ ಎಂದರೆ ನಮ್ಮ ನಾಯಿ.

ನಾನು ಏರ್ಕಾಡ್ ಘಾಟಿಯ ಬಸ್ಸಿನಲ್ಲಿ ಡ್ಯೂಟಿ ಮಾಡುತ್ತಿದ್ದ ಕಾಲ. ಒಂದು ಮಧ್ಯಾಹ್ನ ಸೇಲಂ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದುಹೋದ ಮೇಲೆ ಕೊನೆಯ ಸೀಟಿನ ಕೆಳಗೆ ಒಂದು ಬಿದಿರಿನ ಬುಟ್ಟಿ ಉಳಿದಿತ್ತು. ಮೇಲೊಂದು ಗೋಣಿತಾಟು. ಮೆಣಸೋ ಕಿತ್ತಳೆಯೋ ಇರಬೇಕು, ಯಾರೋ ಮರೆತಿದ್ದಾರೆ ಎಂದು ತೆರೆದರೆ, ಒಳಗೆ ಕಂದುಬಣ್ಣದ ಮರಿ. ಘಾಟಿಯ ತಿರುವುಗಳಿಗೆ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿಕೊಂಡು, ಅದರ ಮೇಲೇ ತಲೆಯಿಟ್ಟು ಮಲಗಿತ್ತು. ಕೇಳಿಕೊಂಡು ಯಾರೂ ಬರಲಿಲ್ಲ. ಬುಟ್ಟಿ ಸಮೇತ ಮನೆಗೆ ತಂದೆ. ಸೆಲ್ವಿ ಮೂಗು ಮುಚ್ಚಿಕೊಂಡಳು. ಅಕ್ಕ ಮಾತ್ರ ಮರಿಯನ್ನು ಎತ್ತಿ ಸೆರಗಿನಲ್ಲಿ ಒರೆಸಿ, 'ಏರ್ಕಾಡ್ ಬೆಟ್ಟದಿಂದ ಇಳ್ದು ಬಂದವ್ನೆ, ಟಿಕೆಟ್ಟೂ ತಕ್ಕಂಡಿಲ್ಲ. ಎಸ್ಟೇಟ್ ದೊರೆ ಕಣ್ಲಾ ಇವ' ಎಂದಳು. ಆ ಹೆಸರೇ ನಿಂತಿತು.

ದೊರೆ ಹೆಸರಿಗೆ ತಕ್ಕ ಹಾಗೆ ಬೆಳೆದ. ಬೀದಿಯ ಬೇರೆ ನಾಯಿಗಳು ಬೊಗಳಿದರೆ ಅವನು ತಲೆಯೆತ್ತಿ ನೋಡಿ, ಮತ್ತೆ ತಲೆ ಇಳಿಸುತ್ತಿದ್ದ. ಕಳ್ಳರನ್ನು ಹಿಡಿಯುವುದು, ಬೆಕ್ಕನ್ನು ಅಟ್ಟುವುದು ಮುಂತಾದ ಕೂಲಿಕೆಲಸಗಳಿಗೆ ಅವನು ಕೈಹಾಕಿದವನಲ್ಲ. ಅಕ್ಕನ ಹಿಂದೆ ಹಿಂದೆ ನಡೆಯುವುದು, ಅಕ್ಕ ಕೂತರೆ ಅವಳ ಪಾದದ ಮೇಲೆ ಗದ್ದವಿಟ್ಟು ಮಲಗುವುದು, ಅಕ್ಕ ಕಲಸಿಟ್ಟ ಮೊಸರನ್ನವನ್ನು ತಟ್ಟೆ ಹೊಳೆಯುವ ಹಾಗೆ ನೆಕ್ಕುವುದು, ಇವೇ ಅವನ ದಿನಚರಿ. ಅವನದೊಂದು ಗುಣ ಹೇಳಲೇಬೇಕು. ಕೊಡದ ಹೊರತು ಏನನ್ನೂ ಮುಟ್ಟುತ್ತಿರಲಿಲ್ಲ. ಸೆಲ್ವಿ ಕರುವಾಡನ್ನು, ಅಂದರೆ ಒಣಮೀನನ್ನು, ಬಿಸಿಲಿಗೆ ಹರಡಿ ಒಳಗೆ ಹೋದರೆ, ಅದರ ಪಕ್ಕದಲ್ಲೇ ಕೂತು ಜೊಲ್ಲು ಸುರಿಸುತ್ತ ಕಾಗೆ ಬಾರದಂತೆ ಕಾಯುತ್ತಿದ್ದ.

ಕಾಲ ಹೋಯಿತು. ನಾನು ರಿಟೈರಾದೆ. ಅಕ್ಕನಿಗೆ ಮಂಡಿನೋವು ಬಂತು. ದೊರೆಗೂ ಬಂತು. ಬೆಳಗ್ಗೆ ಇಬ್ಬರೂ ಏಳುವುದನ್ನು ನೋಡಬೇಕಿತ್ತು ನೀವು. ಅವಳು ಗೋಡೆ ಹಿಡಿದು 'ಮಾದೇವಾ' ಎಂದು ಏಳುವಳು. ಅವನು ಮುಂಗಾಲಿನ ಮೇಲೆ ಎದ್ದು, ಹಿಂಗಾಲನ್ನು ಎಳೆದುಕೊಂಡು, ಅವಳು ನಿಲ್ಲುವವರೆಗೂ ತಾನೂ ಕುಂಟುತ್ತ ನಿಲ್ಲುವನು. ಪ್ರಾಣಿವೈದ್ಯೆ ದೊರೆಯನ್ನು ನೋಡಿ ಈ ಕೀಲಿನ ಸತ್ತುಮಾತ್ರೆ ಬರೆದುಕೊಟ್ಟರು. ಬೆಳಗ್ಗೆ ಒಂದು, ಸಂಜೆ ಒಂದು. ಅಕ್ಕನಿಗೂ ಅದೇ ವಾರ ಅವಳ ಡಾಕ್ಟರು ಕ್ಯಾಲ್ಸಿಯಂ ಮಾತ್ರೆ ಕೊಟ್ಟಿದ್ದರು. ಅವಳದು ಸುಣ್ಣದ ಬಿಲ್ಲೆಯ ಹಾಗೆ ಬೆಳ್ಳಗೆ, ರುಚಿಯಿಲ್ಲದ್ದು. ದೊರೆಯದು ಕಂದು ಬಣ್ಣದ್ದು, ಮೆತ್ತಗೆ, ಮಾಂಸದ ವಾಸನೆಯದು. ಡಬ್ಬಿಯ ಮುಚ್ಚಳ ತಿರುಗುವ ಸದ್ದಿಗೇ ಅವನ ಬಾಲ ಕುಣಿಯುತ್ತಿತ್ತು. 'ನಾಯಿಗೆ ಬಿರಿಯಾನಿ ಮಾತ್ರೆ, ನಂಗೆ ಸುಣ್ಣ. ನೋಡ್ಲಾ ನ್ಯಾಯ!' ಎಂದು ಅಕ್ಕ ದೂರಿದಳು.

ಆ ಮಾತಿಗೆ ನನ್ನ ಕುತೂಹಲ ಕೆರಳಿತು. ಯಾರೂ ಇಲ್ಲದಾಗ ಒಂದು ಮಾತ್ರೆಯ ಅಂಚನ್ನು ಕಚ್ಚಿ ನೋಡಿದೆ. ಹಳೆಯ ಕರುವಾಡನ್ನು ಸೀಮೆಸುಣ್ಣದ ಜೊತೆ ಅರೆದ ಹಾಗಿತ್ತು. ಉಗುಳಲು ಹಿತ್ತಲಿಗೆ ಓಡುವಾಗ ಅಕ್ಕನ ಕೈಗೆ ಸಿಕ್ಕಿಬಿದ್ದೆ. ಅವಳು ಕಣ್ಣೀರು ಬರುವ ಹಾಗೆ ನಕ್ಕು, ಎದುರುಮನೆಯ ಅರುಣಾಚಲಂ ಮಾಮನಿಗೆ ಹೇಳಿದಳು. ಸ್ವಲ್ಪ ಹೊತ್ತಿನ ಮೇಲೆ ಮಾಮ ತರಕಾರಿ ತಂದುಕೊಟ್ಟು ಹೋಗಲು ಬಂದಾಗ, 'ಮಾಮಾ, ನಮ್ಮ ಮುರುಗ ಏನು ಮಾಡ್ದ ಗೊತ್ತಾ?' ಎಂದು ಮೊದಲಿಂದ ಶುರುಮಾಡಿದಳು. ಮಾಮ ಒಳ್ಳೆಯವರು. ಆಗಲೂ ಮೊದಲ ಸಲ ಕೇಳಿದವರಂತೆ ನಕ್ಕರು. ನಾನೂ ನಕ್ಕೆ. ಆ ದಿನಗಳಲ್ಲಿ ಸೆಲ್ವಿ ಉಪ್ಪು ಹಾಕಿದ ಸಾರಿಗೆ ಅಕ್ಕ ಮತ್ತೊಮ್ಮೆ ಉಪ್ಪು ಹಾಕಿಬಿಡುತ್ತಿದ್ದಳು. ಕೆಲವು ಬೆಳಗ್ಗೆ ಅಕ್ಕ, 'ಡ್ಯೂಟಿಗೆ ಒತ್ತಾಗಲಿಲ್ವಾ?' ಎಂದು ನನ್ನನ್ನು ಎಬ್ಬಿಸುತ್ತಿದ್ದಳು. ವಯಸ್ಸಾಯಿತಲ್ಲ ಎಂದುಕೊಂಡೆವು. ವಯಸ್ಸು ಎಂಬ ಪದದ ಕೆಳಗೆ ಏನನ್ನು ಬೇಕಾದರೂ ತಳ್ಳಿಬಿಡಬಹುದು.

ದೊರೆಗೆ ಮಾತ್ರೆ ಕೊಡುವ ಕೆಲಸ ತನ್ನದೇ ಎಂದು ಅಕ್ಕ ಹಟ ಹಿಡಿದಿದ್ದಳು. ಪಟ್ಟರೆಯ ಕೆಲಸ ಬಿಟ್ಟು ವರ್ಷಗಳಾಗಿದ್ದವು, ಅಡುಗೆಯನ್ನು ಸೆಲ್ವಿ ಮಾಡುತ್ತಿದ್ದಳು, ಕೈಗೆ ಅದೊಂದು ಕೆಲಸ. ನಾವೂ ಸಂತೋಷದಿಂದ ಬಿಟ್ಟುಕೊಟ್ಟೆವು. ಮೊದಲ ಡಬ್ಬಿ ಸರಿಯಾಗಿ ನಡೆಯಿತು. ಎರಡನೆಯ ಡಬ್ಬಿ ತಂದ ಮೇಲೆ ದೊರೆ ತಟ್ಟೆಯ ಮುಂದೆ ಮಂಕಾಗಿ ಕೂರಲು ಶುರುಮಾಡಿದ. ನೀರು ಮಾತ್ರ ಬಕೆಟ್ಟುಗಟ್ಟಲೆ ಕುಡಿಯುತ್ತಿದ್ದ. ಎಂದೂ ಮನೆಯೊಳಗೆ ಗಲೀಜು ಮಾಡದವನು ನಡುಮನೆಯಲ್ಲೇ ಉಚ್ಚೆ ಹೊಯ್ದು, ನಾಚಿಕೊಂಡು ಮಂಚದ ಕೆಳಗೆ ತೂರಿದ. ಬೇಸಗೆ ಎಂದುಕೊಂಡೆವು. ಸೇಲಂನ ಬೇಸಗೆಯ ಮೇಲೂ ಏನನ್ನು ಬೇಕಾದರೂ ಹೊರಿಸಬಹುದು.

ಒಂದು ಬೆಳಗ್ಗೆ ವಾಂತಿ ಶುರುವಾಯಿತು. ನಿಲ್ಲಲೇ ಇಲ್ಲ. ಸೆಲ್ವಿ ಫ್ರಿಜ್ಜಿನ ಮೇಲಿದ್ದ ಡಬ್ಬಿಯನ್ನು ಯಾವುದಕ್ಕೋ ತೆಗೆದಳು. ಅಲ್ಲಾಡಿಸಿದಳು. ಸದ್ದಿಲ್ಲ.

'ಎನ್ನಂಗ, ಇಲ್ಲಿ ಬನ್ನಿ. ಮೊನ್ನೆ ಮೊನ್ನೆ ತಂದ ಡಬ್ಬಿ, ಕಾಲಿ ಆಗೈತೆ!'

ಅಕ್ಕ ಓಡಿಬಂದಳು. ಖಾಲಿ ಡಬ್ಬಿಯನ್ನು ನೋಡಿ ಹಣೆ ಚಚ್ಚಿಕೊಂಡು, ಮಂಚದ ಪಕ್ಕ ಬಿದ್ದುಕೊಂಡಿದ್ದ ದೊರೆಯ ಕಿವಿ ಹಿಡಿದಳು. 'ಕಳ್ಳ ನನ್ಮಗನೇ! ಡಬ್ಬಿ ಪೂರ್ತಿ ತಿಂದ್ಬುಟ್ಯಾ? ನಿಂಗೆ ನಾ ಕೊಡ್ತಿರ್ಲಿಲ್ವಾ?' ಎಂದಳು. ದೊರೆ ಕಣ್ಣು ಮೇಲೆತ್ತಿ ಅವಳನ್ನು ನೋಡಿ, ಬಾಲವನ್ನು ನೆಲಕ್ಕೆ ಒಮ್ಮೆ ಬಡಿದ.

ಗದ್ದಲ ಕೇಳಿ ಅರುಣಾಚಲಂ ಮಾಮ ಬಂದರು. 'ಉಪ್ಪು ತಣ್ಣಿ ಕುಡುಂಗ, ಎಲ್ಲಾಂ ವೆಳಿಯ ವಂದುಡುಂ' ಎಂದರು. ಉಪ್ಪುನೀರು ಕುಡಿಸಿದರೆ ಎಲ್ಲ ಹೊರಗೆ ಬರುತ್ತದೆ ಎಂದು. ಇನ್ನೊಬ್ಬರು ಕೋಳಿಮೊಟ್ಟೆಯ ಬಿಳಿಭಾಗ ಎಂದರು. ಮತ್ತೊಬ್ಬರು ಹರಳೆಣ್ಣೆ. ಸೇಲಂನಲ್ಲಿ ನಾಯಿಗೆ ಹುಷಾರಿಲ್ಲದಿದ್ದರೆ ಇಡೀ ಬೀದಿ ಡಾಕ್ಟರಾಗುತ್ತದೆ. ನಾನು ಲೋಟಕ್ಕೆ ಉಪ್ಪು ಹಾಕಿ ಕದಡುತ್ತಲೂ ಇದ್ದೆ. ಅಷ್ಟರಲ್ಲಿ ಸೆಲ್ವಿ ವೈದ್ಯೆಗೆ ಫೋನ್ ಮಾಡಿದ್ದಳು. 'ಏನೂ ಕುಡಿಸಬೇಡಿ ಅಂತಾರೆ. ಡಬ್ಬಿ ತಕ್ಕೊಂಡು ಈಗ್ಲೇ ಬರಬೇಕಂತೆ' ಎಂದು ನನ್ನ ಕೈಯಿಂದ ಲೋಟ ಕಸಿದುಕೊಂಡಳು.

ಆಟೋದಲ್ಲಿ ದೊರೆಯ ತಲೆ ಅಕ್ಕನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಅವಳು ಅವನನ್ನು ಬೈಯುತ್ತಲೇ ಇದ್ದಳು, ಬೈಯುತ್ತಲೇ ಸವರುತ್ತಿದ್ದಳು.

ವೈದ್ಯೆ ಚಿಕ್ಕ ವಯಸ್ಸಿನ ಹೆಣ್ಣುಮಗಳು. ದೊರೆಯ ತೂಕ ನೋಡಿ, ರಕ್ತ ತೆಗೆದು, ಗ್ಲೂಕೋಸ್ ಹಾಕಿ, ಅಕ್ಕನನ್ನು ಅವನ ಹತ್ತಿರ ಬೆಂಚಿನ ಮೇಲೆ ಕೂರಿಸಿದರು. ಆಮೇಲೆ ನಮ್ಮಿಬ್ಬರನ್ನು ಒಳಕ್ಕೆ ಕರೆದು ತಮಿಳಿನಲ್ಲಿ ವಿಚಾರಿಸಿದರು. ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಇಂಥ ಮಾತ್ರೆ ಒಂದೆರಡು ಹೆಚ್ಚಾದರೆ ಹೊಟ್ಟೆ ಕೆಟ್ಟು ಸರಿಹೋಗುತ್ತದೆ. ಆದರೆ ಇದರಲ್ಲಿ ವಿಟಮಿನ್ ಡಿ ಕೂಡ ಸೇರಿದೆ. ಅದು ಮಿತಿಮೀರಿದರೆ ರಕ್ತದಲ್ಲಿ ಸುಣ್ಣದ ಅಂಶ ಏರಿ ಕಿಡ್ನಿ ಕೆಡುತ್ತದೆ ಎಂದರು. ಉಪ್ಪುನೀರು ಕುಡಿಸದಿದ್ದುದು ಒಳ್ಳೆಯದಾಯಿತು, ಅದರಿಂದಲೇ ಪ್ರಾಣ ಹೋದ ನಾಯಿಗಳಿವೆ ಎಂದೂ ಹೇಳಿದರು. ನಾನು ಸೆಲ್ವಿಯ ಮುಖ ನೋಡಲಿಲ್ಲ.

'ಡಬ್ಬಿ ಎಲ್ಲಿಟ್ಟಿದ್ದಿರಿ?' ಎಂದು ಕೇಳಿದರು.

'ಫ್ರಿಜ್ಜಿನ ಮೇಲೆ' ಎಂದಳು ಸೆಲ್ವಿ.

'ನಾಯಿ ಅದನ್ನ ಕೆಳಗೆ ಬೀಳಿಸಿತ್ತಾ?'

'ಇಲ್ಲ. ಇದ್ದ ಕಡೆಯೇ ಇತ್ತು.'

'ಮುಚ್ಚಳ?'

ಮುಚ್ಚಳ ಗಟ್ಟಿಯಾಗಿ ಮುಚ್ಚಿತ್ತು. ಸೆಲ್ವಿಯೇ ತಿರುಗಿಸಿ ತೆಗೆದು ನನಗೆ ಒಳಗನ್ನು ತೋರಿಸಿದ್ದಳು. ವೈದ್ಯೆ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಒಂದು ಹಲ್ಲಿನ ಗುರುತು ಕೂಡ ಅದರ ಮೇಲಿರಲಿಲ್ಲ. 'ಇದು ಒಂದೇ ಸಲ ತಿಂದಿರೋದಲ್ಲ ಸಾರ್. ದಿನಾ ಯಾರೋ ಕೊಟ್ಟಿದ್ದಾರೆ, ತುಂಬಾ ಸಲ ಕೊಟ್ಟಿದ್ದಾರೆ' ಎಂದು ಮೆಲ್ಲಗೆ ಹೇಳಿದರು.

ನಾನು ಆಗ ಯೋಚಿಸಿದೆ. ಮೊನ್ನೆ ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಅವನಿಗೆ ಮಾತ್ರೆ ಕೊಡುವುದನ್ನು ನಾನು ನೋಡಿದ್ದೆ. ಬೆಳಗ್ಗಿನದು ತಡವಾಯಿತೇನೋ ಎಂದುಕೊಂಡಿದ್ದೆ. ಅದನ್ನು ಬಾಯಿಬಿಟ್ಟು ಹೇಳಿದೆ. ಸೆಲ್ವಿ ನನ್ನತ್ತ ತಿರುಗಿದಳು. ಅವಳು ಅದೇ ದಿನ ಬಟ್ಟೆ ಒಣಹಾಕುವಾಗ ನೋಡಿದ್ದಳಂತೆ, ಹತ್ತು ಗಂಟೆಯ ಹೊತ್ತಿಗೆ. ಹಿಂದಿನ ದಿನ ಕಾಫಿಯ ಹೊತ್ತಿಗೂ ನೋಡಿದ್ದಳಂತೆ. ಒಬ್ಬೊಬ್ಬರೂ ಒಂದೊಂದನ್ನು ನೋಡಿ, ಅದೇ ಆ ಹೊತ್ತಿನದು ಎಂದುಕೊಂಡು ನಮ್ಮ ನಮ್ಮ ಕೆಲಸಕ್ಕೆ ಹೋಗಿದ್ದೆವು. ಕೊಟ್ಟದ್ದು ಅಕ್ಕನಿಗೆ ನೆನಪಿರಲಿಲ್ಲ. ಪ್ರತಿಸಲವೂ ಪಾಪ, ಇವನಿಗೆ ಇನ್ನೂ ಮಾತ್ರೆ ಕೊಟ್ಟಿಲ್ಲವಲ್ಲ ಎಂದು ಗೋಡೆ ಹಿಡಿದು ಎದ್ದು, ನೋವಿನ ಮಂಡಿಯಲ್ಲಿ ಫ್ರಿಜ್ಜಿನವರೆಗೆ ನಡೆದು ಹೋಗಿದ್ದಳು.

ಬಾಗಿಲ ಸಂದಿಯಿಂದ ನೋಡಿದರೆ ಅವಳು ಬೆಂಚಿನ ಮೇಲೆ ಕೂತು ದೊರೆಯ ಕಾಲಿಗೆ ಚುಚ್ಚಿದ್ದ ಸೂಜಿ ಅಲುಗದಂತೆ ಅಂಗೈಯಲ್ಲಿ ಹಿಡಿದುಕೊಂಡಿದ್ದಳು. ಸೆಲ್ವಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೆ ಅಳು ಬರಲಿಲ್ಲ. ಭಯವಾಯಿತು. ಜಾತ್ರೆಯಲ್ಲಿ ಅಕ್ಕನ ಕೈಬಿಟ್ಟುಹೋದ ಮಗುವಿಗೆ ಆಗುತ್ತದಲ್ಲ, ಆ ಭಯ. ಐವತ್ತು ದಾಟಿ, ಅರವತ್ತೂ ದಾಟಿದ ಮೇಲೆ ಅದು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಹೊರಗೆ ಬಂದಾಗ ಅಕ್ಕ ಕೇಳಿದಳು. 'ಡಾಕ್ಟ್ರಮ್ಮ ಏನಂದ್ರು?'

'ಕದ್ದು ತಿಂದವ್ನೆ, ಹೊಟ್ಟೆ ಕೆಟ್ಟೈತೆ ಅಂದ್ರು ಅಕ್ಕ. ಸರಿ ಓಯ್ತದೆ.'

'ಅಂಗಾರೆ ಇನ್ಮ್ಯಾಲೆ ಡಬ್ಬಿ ಬೀರೂನಾಗೆ ಇಕ್ಕು. ಇವ್ನ ನಂಬಕ್ಕಾಗಲ್ಲ' ಎಂದು ದೊರೆಯ ಮೂತಿಗೆ ಬೆರಳಲ್ಲಿ ತಟ್ಟಿದಳು.

ದೊರೆ ಆ ಸಲ ಬದುಕಿದ. ಕೆಲವು ದಿನ ಗ್ಲೂಕೋಸ್, ಮತ್ತೆ ಮತ್ತೆ ರಕ್ತಪರೀಕ್ಷೆ. ಸುಣ್ಣದ ಅಂಶ ಮತ್ತೆ ಏರಬಾರದೆಂದು ಹಾಲು, ಮೊಸರು ಬಂದ್. ಅದು ಅಕ್ಕನಿಗೆ ತಿಳಿಯುತ್ತಿರಲಿಲ್ಲ. 'ಮೊಸರನ್ನ ಇಲ್ದೆ ಅವ ಎಂಗೆ ಉಣ್ಣಾನು?' ಎಂದು ಜಗಳವಾಡುವಳು. ಡಾಕ್ಟರು ಬೇಡ ಎಂದಿದ್ದಾರೆ ಎಂದರೆ ಒಪ್ಪುವಳು. ಸ್ವಲ್ಪ ಹೊತ್ತಿಗೆ ಮತ್ತೆ ಮೊಸರಿನ ಪಾತ್ರೆ ಹುಡುಕುವಳು. ನಾವು ಬಚ್ಚಿಟ್ಟರೆ, 'ನನ್ನ ಕೈಲಿ ಏನೂ ಮಾಡಿಸಬ್ಯಾಡಿ, ಮೂಲೇಲಿ ಕುಂಡ್ರಿಸಿಬುಡಿ' ಎಂದು ಮುನಿಸಿಕೊಂಡು, ಊದುಗೊಳವೆ ಹಿಡಿದು ಹಿಡಿದು ಸುಟ್ಟ ಕಲೆಗಳಿದ್ದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂರುವಳು. ಆ ಸುಮ್ಮನಿದ್ದ ಕೈಗಳನ್ನು ನೋಡಲು ನಮ್ಮಿಂದ ಆಗುತ್ತಿರಲಿಲ್ಲ.

ದಾರಿ ಹುಡುಕಿದವಳು ಸೆಲ್ವಿ. ವೈದ್ಯೆಯನ್ನು ಕೇಳಿ, ಸಿಹಿಗುಂಬಳವನ್ನು ಬೇಯಿಸಿ ಸಣ್ಣ ಸಣ್ಣ ಚೂರು ಮಾಡಿ ಒಂದು ಬಟ್ಟಲಲ್ಲಿ ಅಕ್ಕನ ಪಕ್ಕದಲ್ಲಿಟ್ಟಳು. 'ಅತ್ತಿಗೆ, ಇದು ದೊರೆಗೆ ಹೊಸ ಔಷಧಿ. ನೀವೇ ಕೊಡಬೇಕು.' ಅಕ್ಕ ಗಂಭೀರವಾಗಿ ತಲೆಯಾಡಿಸಿದಳು. ಆಮೇಲೆ ದಿನವಿಡೀ ಅವಳು ಕೊಡುವಳು, ಅವನು ತಿನ್ನುವನು. ನಾಯಿಗಳಿಗೆ ಕುಂಬಳಕಾಯಿ ಇಷ್ಟವೋ ಇಲ್ಲವೋ ನಾನು ಕಾಣೆ. ದೊರೆ ಒಮ್ಮೆಯೂ ಮುಖ ತಿರುಗಿಸಲಿಲ್ಲ. ಈಗತಾನೆ ಕೊಟ್ಟೆಯಲ್ಲ ಎಂದು ಎಂದೂ ಅವಳಿಗೆ ತೋರಿಸಿಕೊಡಲಿಲ್ಲ. ಮನೆಯಲ್ಲಿ ಹಾಗೆ ಇದ್ದವನು ಅವನೊಬ್ಬನೇ. ನಾನು, ಸೆಲ್ವಿ, 'ಆಗ್ಲೇ ಹೇಳಿದ್ಯಲ್ಲ ಅಕ್ಕ', 'ಆಗ್ಲೇ ಕೇಳಿದ್ರಲ್ಲ ಅತ್ತಿಗೆ' ಎಂದು ಎಷ್ಟು ಸಲ ನಾಲಿಗೆ ಜಾರಿದೆವೋ.

ಅಕ್ಕನನ್ನೂ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಇವತ್ತು ಯಾವ ವಾರ ಎಂದು ಕೇಳಿದರು. ಅಕ್ಕ, 'ಏನ್, ಉಂಗ ವೀಟ್ಲ ಕಾಲೆಂಡರ್ ಇಲ್ಲಿಯಾ?' ಎಂದು ತಿರುಗಿ ಕೇಳಿದಳು. ನಿಮ್ಮ ಮನೆಯಲ್ಲಿ ಕ್ಯಾಲೆಂಡರ್ ಇಲ್ಲವಾ ಎಂದು. ಡಾಕ್ಟರು ನಕ್ಕರು, ನಾವೂ ನಕ್ಕೆವು, ವಾರ ಯಾವುದೆಂದು ಅವಳು ಹೇಳಲಿಲ್ಲ. ಪಕ್ಕದಲ್ಲಿ ಕೂತಿರುವವರು ಯಾರು ಎಂದು ನನ್ನನ್ನು ತೋರಿಸಿ ಕೇಳಿದರು. ಅಕ್ಕ ನನ್ನನ್ನು ನೋಡಿ, ಕೆನ್ನೆ ಸವರಿ, 'ಎನ್ ಪಿಳ್ಳೆ' ಎಂದಳು. ನನ್ನ ಮಗು. ಡಾಕ್ಟರು ಅದನ್ನು ತಪ್ಪು ಉತ್ತರ ಎಂದು ಬರೆದುಕೊಂಡರು. ನಾನು ತಿದ್ದಲು ಹೋಗಲಿಲ್ಲ. ಅವರಿಗೆ ಹೇಗೆ ವಿವರಿಸಲಿ?

ಮಳೆಗಾಲ ಮುಗಿಯುವ ಹೊತ್ತಿಗೆ ದೊರೆಯ ಕಿಡ್ನಿ ಪೂರ್ತಿ ಸೋತಿತು. ವಯಸ್ಸೂ ಆಗಿತ್ತು, ಎರಡೂ ಸೇರಿತು ಎಂದರು ವೈದ್ಯೆ. ಒಂದು ದಿನ ಬಿಸಿಲೇರುವ ಹೊತ್ತಿನಲ್ಲಿ, ಹೊರಗಿನ ಸಿಮೆಂಟು ಜಗಲಿಯ ಮೇಲೆ, ಅಕ್ಕನ ಪಾದದ ಮೇಲೆ ಗದ್ದವಿಟ್ಟುಕೊಂಡಿದ್ದ ಹಾಗೆಯೇ ಹೋದ. ಅಕ್ಕ ಬಹಳ ಹೊತ್ತು ಕಾಲು ಎಳೆದುಕೊಳ್ಳದೆ ಕೂತಿದ್ದಳು. ನಾವು ಹತ್ತಿರ ಹೋದಾಗ, 'ಓದ' ಎಂದಳು. ಅಷ್ಟೇ.

ಸೇಲಂನಲ್ಲಿ ಒಂದು ನಾಯಿಯನ್ನು ಮಣ್ಣು ಮಾಡಲು ನಮಗೆ ಅಂಗೈಯಗಲ ಜಾಗವಿಲ್ಲ. ಕಾರಿಮಂಗಲದ ನಮ್ಮ ತುಂಡು ಹೊಲದಲ್ಲಿ ಒಂದಷ್ಟು ಮಾವಿನಮರಗಳಿವೆ. ಒಂದು ಗೂಡ್ಸ್ ಆಟೋ ಮಾಡಿಕೊಂಡು ಅಲ್ಲಿಗೆ ಹೋದೆವು. ಗುಂಡಿ ತೋಡಿದ ಮೇಲೆ ಅಕ್ಕ ಅವನ ಹಣೆಗೆ ಅರಿಶಿನ ಹಚ್ಚಿ, ತನ್ನ ಹಳೆಯ ಸೀರೆಯನ್ನು ಹೊದಿಸಿದಳು. ಆಮೇಲೆ ಚೀಲದಿಂದ ಒಂದು ಡಬರಿ ತೆಗೆದಳು. ಅದರಲ್ಲಿ ಮೊಸರನ್ನವಿತ್ತು. ಯಾವಾಗ ಕಲಸಿದಳೋ, ಎಲ್ಲಿಂದ ಮೊಸರು ಹುಡುಕಿದಳೋ. ಒಂದು ತುತ್ತು ಮಾಡಿ ಅವನ ಬಾಯ ಹತ್ತಿರವಿಟ್ಟು, 'ತಿನ್ನು ಸಾಮಿ, ಇನ್ಮ್ಯಾಲೆ ಯಾವ ಡಾಕ್ಟ್ರೂ ಬ್ಯಾಡ ಅನ್ನಲ್ಲ' ಎಂದಳು. ಸೆಲ್ವಿ ಮರದ ಹಿಂದಕ್ಕೆ ಹೋಗಿ ನಿಂತಳು.

ವಾಪಸು ಬರುವಾಗ ಬಸ್ಸು ಹತ್ತಿದೆವು. ಸೆಲ್ವಿ ಮುಂದಿನ ಸೀಟಿನಲ್ಲಿ ಕಣ್ಣುಮುಚ್ಚಿದ್ದಳು. ಅಕ್ಕ ಕಿಟಕಿಯ ಪಕ್ಕ, ನಾನು ಅವಳ ಪಕ್ಕ. ನನ್ನ ತಲೆಯಲ್ಲಿ ಒಂದೇ ಚಿಂತೆ ಓಡುತ್ತಿತ್ತು. ಮನೆಗೆ ಹೋದ ಮೇಲೆ ಇವಳು, 'ದೊರೆ ಎಲ್ಲಿ?' ಎಂದು ಕೇಳಿದರೆ? ನಾಳೆಯೂ ಕೇಳಿದರೆ? ದಿನಾ ಅವನನ್ನು ಅವಳಿಗಾಗಿ ಸಾಯಿಸುತ್ತಿರಬೇಕೇ? ತೊಪ್ಪೂರು ಘಾಟಿ ಇಳಿಯುವಾಗ ಅಕ್ಕ ಕಿಟಕಿಯಿಂದ ಮುಖ ತಿರುಗಿಸಿದಳು.

'ಮುರುಗ, ಆ ಮಾತ್ರೆ ಎಲ್ಲಾ ನಾನೇ ಕೊಟ್ಟಿದ್ದಲ್ವಾ?'

ಅವಳ ಕಣ್ಣು ತಿಳಿಯಾಗಿತ್ತು. ಹಳೆಯ ಅಕ್ಕನ ಕಣ್ಣು.

'ಇಲ್ಲ ಅಕ್ಕ. ಅವನೇ ಕದ್ದು ತಿಂದ.'

'ಸುಳ್ಳು ಏಳ್ಬ್ಯಾಡ. ಸತ್ತೋನ ತಲೆ ಮ್ಯಾಲೆ ಕಳ್ಳತನ ಒರಿಸ್ಬ್ಯಾಡ ಕಣ್ಲಾ. ಕೊಡದೆ ಇದ್ದದ್ದ ಅವ ಯಾವತ್ತು ಮುಟ್ಟಿದ್ದ? ನಾ ಕೊಟ್ಟೆ, ಅವ ತಿಂದ. ಬ್ಯಾಡ ಅನ್ನಾಕೆ ಅವನ್ಗೆ ಬಾಯಿರ್ಲಿಲ್ಲ.'

ನಾನು ಅವಳ ಕೈ ಹಿಡಿದುಕೊಂಡೆ. ಕಂಡಕ್ಟರು ಟಿಕೆಟ್ಟು ಕೇಳುತ್ತ ಬಂದು, ನಮ್ಮನ್ನು ನೋಡಿ, ಮುಂದಕ್ಕೆ ಹೋದ.

'ನಾಳೆ ನಾ ಮರ್ತ್ಬುಡ್ತೀನಿ' ಎಂದಳು ಅಕ್ಕ. 'ನಂಗೆ ಗೊತ್ತಾಯ್ತದೆ, ಒಂದೊಂದೇ ಓಗ್ತಾ ಐತೆ. ಮರ್ತು ಅವನ್ನ ಕಳ್ಳ ಅಂತ ಬೈದ್ರೆ ನೀ ಸುಮ್ನಿರ್ಬ್ಯಾಡ. ಅವ ಕದೀಲಿಲ್ಲ ಅಂತ ಏಳ್ಬುಡು. ಏಳ್ತೀಯಾ?'

'ಏಳ್ತೀನಿ ಅಕ್ಕ.'

ಅವಳು ಮತ್ತೆ ಕಿಟಕಿಯ ಕಡೆ ತಿರುಗಿದಳು. ಸೇಲಂ ಬರುವಷ್ಟರಲ್ಲಿ, 'ಇವತ್ತು ಎಲ್ಲಿಗೋಗಿದ್ವಿ?' ಎಂದು ಕೇಳಿದಳು.

ನಾನು ಹೆದರಿದ ಹಾಗೆ, ದೊರೆ ಎಲ್ಲಿ ಎಂದು ಅವಳು ಇದುವರೆಗೂ ಕೇಳಿಲ್ಲ. ಅವನು ಸತ್ತದ್ದು ಅವಳ ನೆನಪಿನಲ್ಲಿ ಹೇಗೋ ಉಳಿದಿದೆ. ನನ್ನ ಹೆಸರೇ ಕೆಲವು ದಿನ ಅವಳಿಗೆ ಸಿಗುವುದಿಲ್ಲ, ಅದು ಮಾತ್ರ ಉಳಿದಿದೆ. ಆದರೆ ಎಂದಾದರೊಮ್ಮೆ ಜಗಲಿಯ ಮೇಲೆ ಕೂತಿದ್ದವಳು ಇದ್ದಕ್ಕಿದ್ದಂತೆ, 'ಕಳ್ಳ ನನ್ಮಗ, ಕದ್ದು ತಿಂದೇ ಸತ್ತ' ಎಂದುಬಿಡುತ್ತಾಳೆ. ನಾನು ಕೊಟ್ಟ ಮಾತಿನಂತೆ ಅವಳ ಪಕ್ಕ ಹೋಗಿ ಕೂರುತ್ತೇನೆ.

'ಇಲ್ಲ ಅಕ್ಕ, ದೊರೆ ಕದೀಲಿಲ್ಲ.'

'ಮತ್ತೆ ಯಾರ್ಲಾ ಕೊಟ್ಟೋರು ಅಷ್ಟೊಂದು?'

'ನಾನೇ ಅಕ್ಕ. ನಾನೇ ಕೊಟ್ಬುಟ್ಟೆ.'

ಆಗ ಅವಳು ಬೈಯುತ್ತಾಳೆ. ನಿಂಗೆ ಬುದ್ಧಿ ಐತಾ, ಬಾಯಿಲ್ದ ಜೀವಕ್ಕೆ ಅಷ್ಟು ಕೊಡಬೋದಾ, ಲೆಕ್ಕ ಇಟ್ಕಬ್ಯಾಡ್ವಾ ಎಂದು, ಸೆಲ್ವಿ ಒಳಗಿನಿಂದ ಬಂದು ನೋಡಿಹೋಗುವಷ್ಟು ಜೋರಾಗಿ. ತಲೆಗೊಂದು ಮೊಟಕುತ್ತಾಳೆ. ನಾನು ತಲೆ ತಗ್ಗಿಸಿ ಬೈಸಿಕೊಳ್ಳುತ್ತೇನೆ. ಬೈದು ಬೈದು ದಣಿದ ಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, 'ಓಗ್ಲಿ ಬುಡು, ಅಳ್ಬ್ಯಾಡ. ಬೇಕಂತ ಮಾಡಿದ್ಯಾ?' ಎನ್ನುತ್ತಾಳೆ.